ಸೌಡಿಯ ಸರದಿ

ಮಂಚದಿಂದ ಬಚ್ಚಲಿಗೆ ಹದಿನೇಳು ಹೆಜ್ಜೆ.
ಹೋದ ಯುಗಾದಿಗೆ ಒಂಬತ್ತೇ ಇದ್ದೊ.
ಮನೆಯೇನೂ ಬೆಳೆದಿಲ್ಲ, ಗೋಡೆ ಇದ್ದಲ್ಲೇ ಅವೆ.
ಹೆಜ್ಜೆ ಸಣ್ಣಗಾಗವೆ,
ಬೇಸಿಗೇಲಿ ಕಡೇ ಗದ್ದೆಗೆ ಬಿಟ್ಟ ನೀರಿನಂಗೆ
ಅರ್ಧ ದಾರೀಲೇ ನೆಲ ಕುಡ್ಕೊಂಡುಬುಡ್ತದೆ.

ಮೂವತ್ತೊಂದು ವರ್ಸ ಸೌಡಿ ನಾನು.
ಮದ್ದೂರಿನ ಕೆಳಗೆ ಏಳು ತೂಬು,
ಒಂದು ಸಲಿಕೆ, ಒಂದು ಟಾರ್ಚು.
ರಾತ್ರಿ ಎರಡು ಗಂಟೇಲಿ ನಾಲೆ ಏರಿ ಮೇಲೆ
ಒಬ್ಬನೇ ಹೋಯ್ತಿದ್ದೆ.
ಕಪ್ಪೆ ಸದ್ದು ನಿಂತ ಕಡೆ ಗೊತ್ತಾಯ್ತಿತ್ತು
ಯಾವನೋ ಕಳ್ಳ ಹಲಗೆ ಎತ್ತವ್ನೆ ಅಂತ.
"ಸೌಡೇರೇ, ಇನ್ನರ್ಧ ಗಂಟೆ ಬುಡಿ" ಅಂತ
ಎಲೆಅಡಿಕೆ ನೀಡಿ ಗೋಗರೆದವರುಂಟು.
ಸರದಿ ಅಂದ್ರೆ ಸರದಿ, ಅಂದೆ.
ತಂಗಿ ಗಂಡನಿಗೂ ಅಂದೆ.
ಆರು ತಿಂಗಳು ಮಾತು ಬುಟ್ಟಿದ್ದ.

ಈಗ ನನ್ನ ತೂಬೇ ನನ್ನ ಮಾತು ಕೇಳಕ್ಕಿಲ್ಲ.
ಹಲಗೆ ನಂದು, ಬೀಗ ನಂದು,
ನೀರು ಮಾತ್ರ ಅದಕ್ಕೆ ತೋಚಿದಾಗ ಬತ್ತದೆ.
ಹದಿನೇಳರಲ್ಲಿ ಹನ್ನೆರಡು ಮುಗಿಯೋದ್ರೊಳಗೆ
ಪಂಚೆ ಒದ್ದೆ.
ನಗಿ ಪರವಾಗಿಲ್ಲ. ನಾನೂ ನಕ್ಕಿವ್ನಿ.
ಮೊದಲನೇ ಸಲ ನಗಲಿಲ್ಲ.

ಸೊಸೆ ಶಿವಲೀಲ ಗೆಜ್ಜಲಗೆರೆ ಗಾರ್ಮೆಂಟ್ಸಲ್ಲಿ
ಅಂಗಿಗೆ ಕಾಲರು ಹೊಲೀತಾಳೆ.
ಆರೂ ಮುಕ್ಕಾಲಿಗೆ ವ್ಯಾನು.
ಮಗ ಬೆಲ್ಲದ ಟೆಂಪೋ ತಕ್ಕೊಂಡು
ಕೋಳಿ ಕೂಗೋಕೆ ಮುಂಚೆ ಹೊಂಟಿರ್ತಾನೆ.
ಅವಳ ಬೆಳಗು ಪೂರಾ ಅಳತೆಯ ನೀರು:
ಒಂದಿಷ್ಟು ಮುದ್ದೆಗೆ, ಒಂದಿಷ್ಟು ಮಗೀನ ಜಡೆಗೆ,
ಹಸ ಹಿಂಡೋಕೆ ಒಂದಿಷ್ಟು,
ಹತ್ತು ನಿಮಿಷ ನಂಗೆ.
ಹತ್ತರಲ್ಲೇ ಎತ್ತಿ ಕೂರಿಸಿ,
ಮಂಡಿಗೆ ಹರಳೆಣ್ಣೆ ತಿಕ್ಕಿ,
ಮಾತ್ರೆ ಎಣಿಸಿ ಲೋಟದ ಪಕ್ಕ ಇಟ್ಟು,
"ಮಾವ, ಒಬ್ರೇ ಏಳ್ಬ್ಯಾಡಿ, ಪಕ್ಕದ್ಮನೆ ಜಯಕ್ಕುನ್ನ ಕೂಗಿ."
ಆಯ್ತು ಕನವ್ವ, ಅಂತೀನಿ.
ವ್ಯಾನು ಹುಣಸೇಮರದ ತಿರುವು ದಾಟೋಗಂಟ ಕಾಯ್ತೀನಿ.
ಏಳ್ತೀನಿ.

ಜಯಕ್ಕುನ್ನ ಹೆಂಗೆ ಕೂಗೋದು?
ಅವಳ ಗದ್ದೆ ನನ್ನ ನಾಕನೇ ತೂಬಿಂದು.

ವಾಕರಿಗೆ ನಾಕು ಕಾಲು, ರಬ್ಬರು ಮೆಟ್ಟು.
ಮೊಮ್ಮಗಳು ದೀಕ್ಷ ಅದಕ್ಕೊಂದು ಸೈಕಲ್ ಬೆಲ್ಲು ಕಟ್ಟವ್ಳೆ.
ನಡುಮನೇಲಿ ಕೋಳಿ ಅಡ್ಡ ಬಂದ್ರೆ ಹೊಡೀತೀನಿ.
ಕೋಳಿ ಜಗ್ಗಲ್ಲ.

ಮಧ್ಯಾಹ್ನ ಅನ್ನೋದು ಭಾರಿ ಉದ್ದ.
ಬೆಳಕಿಂಡಿಯ ಬಿಸಿಲು ಅಕ್ಕಿ ಡ್ರಮ್ಮಿಂದ ಇಳಿದು
ಒರಳಿಗೆ ಬಂದ್ರೆ ಮೂರು ಗಂಟೆ.
ಮೊನ್ನೆ ಬಿಸಿಲು ಡ್ರಮ್ಮಿನ ಮೇಲಿರೋವಾಗ
ಫೋನು ಬಂತು.
ಹೊಸ ಸೌಡಿ, ಕಂಟ್ರಾಕ್ಟ್ ಹುಡುಗ, ಬೈಕಲ್ಲಿ ತಿರುಗ್ತಾನೆ.
"ಅಜ್ಜ, ಐದನೇ ತೂಬಿನ ತಿರುಪು ಕಚ್ಕೊಂಡದೆ."
ಎಡಕ್ಕೆ ಅರ್ಧ ಸುತ್ತು, ಬುಡಕ್ಕೊಂದು ಒದೆ,
ಆಮೇಲೆ ಬಲಕ್ಕೆ, ಅಂದೆ.
ಕಬ್ಬಿಣ ನರಳಿದ್ದು ಕೇಳುಸ್ತು.
ಆಮೇಲೆ ನೀರು.
ಇಬ್ಬರೂ ಮಾತಾಡಲಿಲ್ಲ.
ಹಲೋ ಅಂದ್ರೆ ಎಲ್ಲಿ ನಿಂತೋಯ್ತದೋ ಅಂತ
ಉಸ್ರು ಬಿಗಿ ಹಿಡಿದಿದ್ದೆ.
ಅವನೇ ಕಟ್ ಮಾಡ್ದ. ಕೆಲಸ ಇರ್ತದೆ ಪಾಪ.

ಅವತ್ತು ಪಂಚೆ ನಾನೇ ತೊಳೆದೆ,
ಒಂದೇ ಕೈಲಿ ಹಿಂಡಿದ್ದು, ಹಿಂಡಿದಂಗಾಗಲಿಲ್ಲ.
ಬಚ್ಚಲಿಂದ ಮಂಚದ ಗಂಟ
ನೀರು ಸೋರಿ ಸಣ್ಣ ಕಾಲುವೆ ಬಿತ್ತು.
ಸಂಜೆ ಶಿವಲೀಲ ಬಂದೋಳು ಹೊಸ್ತಿಲಲ್ಲೇ ನಿಂತು
ಆ ಕಾಲುವೆಯ ಉದ್ದಗಲ ನೋಡಿದ್ಲು.
ಬಯ್ಯಲಿಲ್ಲ.
ಕಾಲಲ್ಲೇ ಬಟ್ಟೆ ಎಳೆದು ಒರೆಸಿದ್ಲು.
ಮಾರನೇ ದಿನ ಮದ್ದೂರು ಸಂತೆಯಿಂದ
ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು ತಂದು
ಎಂಟನೇ ಹೆಜ್ಜೆ ಹತ್ರ ಗೋಡೆಗೆ ಒತ್ತಿಟ್ಟಳು.
ಇದ್ಯಾಕವ್ವ, ಅಂದೆ.
"ನಿಮಗಲ್ಲ ಬುಡಿ. ನಂಗೇ ಬೇಕು ಕೂರೋಕೆ."

ನಿನ್ನೆ ರಾತ್ರಿ ತೂಬು ಕರೀತು.
ಎದ್ದೆ. ಹಿಡಿದೆ. ಆರು, ಏಳು.
ಸ್ಟೂಲಿನ ಮೇಲೆ ಅವಳು,
ಗೋಡೆಗೆ ತಲೆ ಒರಗಿಸಿ ನಿದ್ದೆ ಹೋಗವ್ಳೆ,
ಊದಿದ ಕಾಲು ದಾರಿಗಡ್ಡ ಚಾಚವ್ಳೆ,
ಕೈಲಿ ಇನ್ನೂ ಅರ್ಧ ಸುಲಿದ ಅವರೇಕಾಯಿ.
ಬೆಲ್ಲಿನ ಮೇಲೆ ಬೆರಳಿತ್ತು.
ಒತ್ತಲಿಲ್ಲ.
ಸರದಿ ಅಂದ್ರೆ ಸರದಿ.
ವಾಕರನ್ನ ತಿರುಗಿಸಿ, ಅಕ್ಕಿ ಡ್ರಮ್ಮಿನ ಆಚೆಯಿಂದ
ಸದ್ದು ಮಾಡದಂಗೆ ಬಳಸ್ಕೊಂಡು ಹೋದೆ.
ಇಪ್ಪತ್ತಮೂರು.